ಎಣ್ಣೆ ತಣಿಯುವವರೆಗೆ

ತೊಟ್ಟಿಯ ಗಾಜಿನ ಕಿಂಡಿಯ ಮೇಲೆ ಕೂತ ಹನಿ ಜಾರಲೋ ಬೇಡವೋ ಎನ್ನುತ್ತಿದೆ, ಒಳಗೆ ಸೂರ್ಯಕಾಂತಿ ಎಣ್ಣೆ ತಣಿಯುತ್ತ ಮೆಲ್ಲಗೆ ಸುತ್ತುತ್ತಿದೆ, ಮಬ್ಬು ಈಗಷ್ಟೇ ಕಟ್ಟುತ್ತಿದೆ, ಕಟ್ಟಲಿ, ಮೇಣವೆಲ್ಲ ದಪ್ಪ ಹರಳಾಗಲಿ, ಆಗ ತಾನೇ ಸೋಸುಬಟ್ಟೆಗೆ ಸಿಕ್ಕುವುದು — ಇದನ್ನು ಸೋಸದೆ ನನಗೆ ಬಿಡುಗಡೆಯಿಲ್ಲ, ಅಕ್ಕ ಇವತ್ತೇ ಬರಬೇಕೇ, ಚಳಿಗಾಲದಿಂದ ಮಾತು ಬಿಟ್ಟವಳು, ನಮ್ಮ ಯಜಮಾನರು ಫೋನಿನಲ್ಲಿ ಪಿಸುಗುಟ್ಟಿದರು, ನಿಮ್ಮಕ್ಕ ಬಂದಿದಾರೆ ಕಣೇ, ಬಾಗಿಲ ಹತ್ರಾನೇ ಕೂತಿದಾರೆ, ಚಪ್ಪಲಿ ಬಿಚ್ಚಿಲ್ಲ, ಬೇಗ ಬಾ. ಬಿಚ್ಚಿಲ್ಲ ಎಂದರೆ ಯಾವ ಗಳಿಗೆಯಲ್ಲಾದರೂ ಎದ್ದು ಹೋದಾಳು, ಅವಳ ಆ ಕಂದು ಚಪ್ಪಲಿ, ಎಡಗಾಲಿನದಕ್ಕೆ ಕಪ್ಪು ದಾರದ ಹೊಲಿಗೆ, ಹೊಸದು ಕೊಳ್ಳೆಂದರೆ ಕೇಳುವ ಜನ್ಮವಲ್ಲ. ನಮ್ಮ ಕಾರ್ಖಾನೆಯದೆಂದು ನಾನು ಜಂಬದಿಂದ ಕೊಟ್ಟಿದ್ದ ಎಣ್ಣೆ ಬಾಟಲಿ ಆಗಿನ ಚಳಿಗೆ ಮಬ್ಬಾಗಿತ್ತು, ನೆಂಟರ ಮುಂದೆ ಅದನ್ನು ಎತ್ತಿ ಹಿಡಿದು, ನೋಡ್ರಪ್ಪ ನನ್ನ ತಂಗಿ ಮೇಣ ತೆಗೆಯೋ ಚೆಂದ ಎಂದು ನಕ್ಕಳು, ನಾನಾದರೂ ಸುಮ್ಮನಿರಬಾರದಿತ್ತೇ, ನಿನ್ನ ಹೊಟ್ಟೆಕಿಚ್ಚಿಗೆ ಹಿಡಿ, ಕರಗುತ್ತೆ ಅಂದೆ, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ತಣ್ಣೀರಿನ ವಾಲ್ವ್ ಕೈಯಳತೆಯಲ್ಲೇ ಇದೆ, ಪೂರ್ತಿ ತಿರುಗಿಸಿದರೆ ಬೇಗ ತಣಿದೀತು, ಓಡಿಹೋಗಿ ಅವಳನ್ನು ಹಿಡಿಯಬಹುದು — ಆದರೆ ಅವಸರಕ್ಕೆ ಮೇಣ ಹಿಟ್ಟಿನಷ್ಟು ನುಣ್ಣಗಾಗಿ ಬಟ್ಟೆಯ ಕಣ್ಣನ್ನೆಲ್ಲ ಮುಚ್ಚೀತು, ಆಮೇಲೆ ಕೆರೆಯುತ್ತ ಕೂರು, ಎಣ್ಣೇನ ಹೆದರಿಸ್ಬಾರದಮ್ಮ, ಪುಸಲಾಯಿಸ್ಬೇಕು, ಮೇಸ್ತ್ರಿ ಯಾವಾಗಲೂ ಹೇಳುವುದು ಅದೇ, ಅಕ್ಕನಿಗೂ ಅಷ್ಟೇ, ಕೈ ಹಿಂದಕ್ಕೆ ಬಂತು, ಫೋನು ಎತ್ತಿದೆ, ರೀ, ಕ್ಷಮೆ ಗಿಮೆ ಅಂತ ಏನೂ ತೆಗೀಬೇಡಿ, ಒಳಗೆ ಬನ್ನಿ ಅಂತಾನೂ ಬಲವಂತ ಮಾಡ್ಬೇಡಿ, ನೀರು ಕೊಟ್ಟು ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ಳಿ. ಈಗ ಮೋಟಾರಿನ ಗುಂಯ್ ಸದ್ದು, ಪಾದದಡಿ ನೆಲದ ನಡುಕ, ನನಗೆ ಇದು ಇಷ್ಟ, ಯಾರಿಗೂ ಹೇಳಿಲ್ಲ, ಈ ಕಾಯುವಿಕೆ ಇಷ್ಟ, ಕಂದು ಚಪ್ಪಲಿ ಮಾತ್ರ ಕಣ್ಣಮುಂದಿನಿಂದ ಕದಲುತ್ತಿಲ್ಲ.

ಇಳಿಯಿತು, ಬಟ್ಟೆ ದಾಟಿ ಎಣ್ಣೆ ಇಳಿಯಿತು, ಬಾಟಲಿಗೆ ಹಿಡಿದು ಬೆಳಕಿಗೆ ಎತ್ತಿದರೆ ಆಚೆಗಿನ ಗೋಡೆಯ ಬಿರುಕೂ ಕಾಣುತ್ತದೆ, ಮತ್ತೆ ಫೋನು, ನಿಮ್ಮಕ್ಕ ನಿನ್ನ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಒರೆಸ್ತಿದಾರೆ, ಹೀಗಾ ಅಡುಗೆಮನೆ ಇಟ್ಕೊಳ್ಳೋದು ಅಂತ ಬೈತಿದಾರೆ, ಬಯ್ಯಲಿ, ಬಾಯ್ತುಂಬ ಬಯ್ಯಲಿ ನನ್ನ ತಾಯಿ, ರೀ, ಚಪ್ಪಲಿ, ಚಪ್ಪಲಿ ಎಲ್ಲಿದೆ, ಇಲ್ಲೇ ಬಾಗಿಲಲ್ಲಿ, ನಿನ್ನ ಹಳೇ ಜೋಡಿ ಪಕ್ಕ — ಕಂದು ಚಪ್ಪಲಿ, ಎಡಗಾಲಿನದಕ್ಕೆ ಕಪ್ಪು ದಾರ, ಬಾಗಿಲಲ್ಲಿ, ಖಾಲಿ.