ಚೌಕುಳಿ ಲುಂಗಿಯ ಮನುಷ್ಯ

ಗುಡ್ಡದ ಬೆಂಕಿ ಆರಿ ಮೂರು ದಿನವಾಗಿದ್ದರೂ ಬುಡದಲ್ಲಿದ್ದ ಗಿರಿಛಾಯಾ ಸೊಸೈಟಿಯ ಬಾಲ್ಕನಿಗಳಲ್ಲಿ ಒಣಹಾಕಿದ ಬಟ್ಟೆಗಳ ಮೇಲೆ ಬೂದಿ ಬಂದು ಕೂರುತ್ತಲೇ ಇತ್ತು. ಆರನೆಯ ಮಹಡಿಯ ಜಯಲತಾ ಒಂದೊಂದೇ ಬಟ್ಟೆಯನ್ನು ಕೊಡವಿ ಮಡಚಿದಳು. ನೀಲಿ ಚೌಕುಳಿಯ ಲುಂಗಿಯೊಂದನ್ನು ಮಾತ್ರ ಮಡಚಲಿಲ್ಲ. ಅದನ್ನು ಉಂಡೆ ಮಾಡಿ, ಕಪಾಟಿನ ತಳದಲ್ಲಿ ಹಳೆಯ ಕಂಬಳಿಯ ಅಡಿಗೆ ತುರುಕಿ ಬಾಗಿಲು ಹಾಕಿದಳು. ಅವಳ ಗಂಡ ಭುಜಂಗ ಊಟದ ಮೇಜಿನ ಮುಂದೆ ಕೂತು ಅದನ್ನು ನೋಡಿದ.

ಆ ಲುಂಗಿಯನ್ನು ಅಷ್ಟರಲ್ಲಿ ಠಾಣೆ ಶಹರದಿಂದ ಸೀವುಡ್ಸ್‌ವರೆಗಿನ ಜನ ತಮ್ಮ ಅಂಗೈಯಲ್ಲೇ ಕಂಡಿದ್ದರು. ಫೋನಿನಿಂದ ಫೋನಿಗೆ ಹಾಯುತ್ತಿದ್ದ ವಿಡಿಯೊದಲ್ಲಿ ಒಬ್ಬ ಮನುಷ್ಯ ಬೆನ್ನು ಹಾಕಿ ನಿಂತಿದ್ದ. ಬಿಳಿ ಬನಿಯನ್, ಮೊಣಕಾಲಿನ ಮೇಲಕ್ಕೆ ಎತ್ತಿಕಟ್ಟಿದ ಲುಂಗಿ, ಕೈಯಲ್ಲಿ ಉರಿಯುವ ಒಣಗೆಲ್ಲು. ಅವನು ಬಾಗುತ್ತಾನೆ, ಹುಲ್ಲಿಗೆ ಕಿಡಿ ತಾಗಿಸುತ್ತಾನೆ, ಸ್ವಲ್ಪ ಮುಂದೆ ನಡೆಯುತ್ತಾನೆ, ಮತ್ತೆ ಬಾಗುತ್ತಾನೆ. ದೀಪಗಳ ಸಾಲಿಗೆ ಬತ್ತಿ ಹಚ್ಚುವವನ ಹಾಗೆ, ಯಾವ ಅವಸರವೂ ಇಲ್ಲದೆ. ಮುಖ ಒಮ್ಮೆಯೂ ಕಾಣುವುದಿಲ್ಲ. ಕೆಳಗೆ ಯಾರೋ ಹಿಂದಿಯಲ್ಲಿ ಬರೆದಿದ್ದರು: ಗುಡ್ಡ ಸುಟ್ಟವನು ಇವನೇ. ಬಿಲ್ಡರನ ಮನುಷ್ಯ. ನಾಲ್ಕು ಜನರನ್ನು ಕೊಂದವನು. ಎಲ್ಲಿ ಕಂಡರೂ ಹಿಡಿಯಿರಿ.

ವಿಡಿಯೊ ತೆಗೆದವಳು ಭುಜಂಗನ ಮೊಮ್ಮಗಳು ಮಾನಸಿ. ಕಾಲೇಜಿನ ಪರೀಕ್ಷೆಗೆ ಓದಲೆಂದು ಮನೆಯಲ್ಲಿದ್ದ ಅವಳು ಬಾಲ್ಕನಿಯಿಂದ ಅಜ್ಜನನ್ನು ಕಂಡು ಫೋನು ಹಿಡಿದಿದ್ದಳು. ಅಜ್ಜ ದೂರದಲ್ಲಿ ಚಿಕ್ಕದಾಗಿ ಕಾಣುತ್ತಿದ್ದನೆಂದು ಎರಡು ಬೆರಳಿನಿಂದ ಹತ್ತಿರಕ್ಕೆ ಎಳೆದುಕೊಂಡಳು. ಹಾಗೆ ಎಳೆದಾಗ ಗುಡ್ಡದ ನೆತ್ತಿಯಿಂದ ಇಳಿದು ಬರುತ್ತಿದ್ದ ಮಹಾ ಬೆಂಕಿ ಚಿತ್ರದ ಅಂಚಿನಾಚೆಗೆ ಸರಿದುಹೋಯಿತು. ಉಳಿದದ್ದು ಅಜ್ಜ, ಅವನ ಕೈಯ ಗೆಲ್ಲು, ಅವನು ಹಚ್ಚುತ್ತಿದ್ದ ಹುಲ್ಲು. 'ನಮ್ಮ ಅಜ್ಜ ಹೀರೋ' ಎಂದು ಬರೆದು ಮನೆಯವರ ಗುಂಪಿಗೆ ಕಳಿಸಿದಳು. ಡೊಂಬಿವಲಿಯ ಅತ್ತೆ ಅದನ್ನು ಹೆಮ್ಮೆಯಿಂದ ಇನ್ನಾರಿಗೋ ಕಳಿಸಿದಳು. ಆ ಇನ್ನಾರೋ ಮತ್ತಾರಿಗೋ ಕಳಿಸುವಾಗ ಮೇಲಿನ ಬರಹ ಉದುರಿ, ವಿಡಿಯೊ ಬತ್ತಲೆಯಾಗಿ ಹೊರಟಿತು. ಅದಕ್ಕೆ ಹೊಸ ಬಟ್ಟೆ ತೊಡಿಸಿದವರು ಯಾರೆಂದು ಯಾರಿಗೂ ತಿಳಿಯದು.

ಅದು ಎರಡು ಸಾವಿರದ ಹದಿನೇಳರ ಬೇಸಿಗೆ. ಮಂಗಳವಾರ ಬೆಳಿಗ್ಗೆ ಗುಡ್ಡದ ಮೂಡಣ ಮಗ್ಗುಲಲ್ಲಿ ಎಲ್ಲಿಯೋ ಹೊತ್ತಿದ ಬೆಂಕಿ ಮೂಡುಗಾಳಿಗೆ ನೆತ್ತಿ ದಾಟಿ ಗಿರಿಛಾಯೆಯ ಕಡೆಗೆ ಇಳಿಯತೊಡಗಿತು. ಬೆಂಕಿ ನಂದಿಸುವ ಬಂಬಿನ ಲಾರಿಗಳು ತುರ್ಭೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದವು. ಜನ ಗ್ಯಾಸ್ ಸಿಲಿಂಡರುಗಳನ್ನು ಲಿಫ್ಟಿನಲ್ಲಿ ಇಳಿಸುತ್ತಿದ್ದರು. ಭುಜಂಗ ಮನೆಯಲ್ಲಿ ಉಟ್ಟ ಲುಂಗಿಯಲ್ಲೇ ಕೆಳಗಿಳಿದು, ಹಿಂದಿನ ಗೇಟು ದಾಟಿ, ಒಣಗಿದ ನಾಲೆಯ ಬದಿಗೆ ಹೋದ. ತುರ್ಭೆಯಲ್ಲಿ ಮೂವತ್ತು ವರ್ಷ ಹೋಟೆಲು ನಡೆಸುವ ಮೊದಲು ಅವನು ಉಡುಪಿಯ ಬಳಿಯ ಪದವಿನ ಹುಲ್ಲುಬಯಲಿನಲ್ಲಿ ದನ ಕಾಯ್ದ ಹುಡುಗ. ಮುಳಿಹುಲ್ಲಿಗೆ ಬೆಂಕಿ ಬಿದ್ದಾಗ ದೊಡ್ಡವರು ನೀರು ಹುಡುಕುತ್ತಿರಲಿಲ್ಲ. ಬರುವ ಬೆಂಕಿಯ ಎದುರಿಗೆ ತಾವೇ ಒಂದು ಬೆಂಕಿ ಹಚ್ಚಿ, ಅದಕ್ಕೆ ತಿನ್ನಲು ಏನೂ ಉಳಿಯದಂತೆ ಮಾಡುತ್ತಿದ್ದರು. ಅವನೂ ಹಾಗೆಯೇ ಮಾಡಿದ. ಎರಡು ಬೆಂಕಿಗಳು ಇಳಿಜಾರಿನ ನಡುವೆ ಎದುರಾಗಿ ಒಂದನ್ನೊಂದು ನುಂಗಿ ಸತ್ತವು. ಬಾಲ್ಕನಿಗಳಿಂದ ಚಪ್ಪಾಳೆ ಕೇಳಿಸಿತು. ಸೊಸೈಟಿಯ ಸೆಕ್ರೆಟರಿ ರಾಮಚಂದ್ರ, ಮೈಸೂರಿನ ಮೃದುಮಾತಿನ ಮನುಷ್ಯ, ಮಸಿ ಹಿಡಿದ ಬನಿಯನ್ನಿನ ಮೇಲೆಯೇ ಅವನನ್ನು ಅಪ್ಪಿಕೊಂಡ. "ನಿಮ್ಮಿಂದ ಬಿಲ್ಡಿಂಗ್ ಉಳೀತು ಸಾರ್."

ಮಧ್ಯಾಹ್ನ ಗಾಳಿ ತಿರುಗಿತು. ಸಮುದ್ರದ ಕಡೆಯಿಂದ ದಿನವೂ ಬರುವ ಗಾಳಿಯೇ ಅದು. ಭುಜಂಗನಿಗೆ ಅದು ಗೊತ್ತಿತ್ತು, ಬೆಳಿಗ್ಗೆ ನೆನಪಾಗಿರಲಿಲ್ಲ. ತೆಂಕಣ ತುದಿಯಲ್ಲಿ ಹೊಗೆಯಾಡುತ್ತಿದ್ದುದು ಮತ್ತೆ ಜ್ವಾಲೆಯಾಗಿ, ಹಳೆಯ ಕಲ್ಲಿನ ಕ್ವಾರಿಯ ಕೊರಕಲಿಗೆ ಇಳಿದು, ಅಲ್ಲಿದ್ದ ತಗಡು-ತಾಡಪತ್ರಿಯ ಜೋಪಡಿಗಳ ಮೇಲೆ ಬಿತ್ತು. ನಾಲ್ವರು ಸತ್ತರು. ಅದು ಮೂಡಣದಿಂದ ಬಂದ ಬೆಂಕಿಯ ಬಾಲವೋ, ತಾನು ಹಚ್ಚಿದ ಬೆಂಕಿಯ ತುದಿಯೋ ಎಂದು ಭುಜಂಗ ಈ ಮೂರು ದಿನವೂ ಆ ಇಳಿಜಾರನ್ನು ಮನಸ್ಸಿನಲ್ಲಿ ಹತ್ತಿ ಇಳಿದ. ಸುಟ್ಟ ಮೇಲೆ ನೆಲ ಎಲ್ಲ ಕಡೆಯೂ ಒಂದೇ ಬಣ್ಣದ್ದು. ಅವನೊಳಗೆ ನೋವೆಂದು ಕರೆಯಬಹುದಾದದ್ದೇನೂ ಇರಲಿಲ್ಲ. ಊಟ ಮಾಡಿದ, ಸ್ನಾನ ಮಾಡಿದ, ಕೇಳಿದ್ದಕ್ಕೆ ಹೂಂಗುಟ್ಟಿದ. ಕೈ ಮರಗಟ್ಟಿದಾಗ ಅದು ತನ್ನದೇ ಕೈಯೆಂದು ಕಣ್ಣಿನಿಂದ ತಿಳಿಯುವ ಹಾಗೆ, ತಾನು ಬದುಕಿದ್ದೇನೆಂದು ನೋಡಿ ತಿಳಿಯುತ್ತಿದ್ದ.

ಶುಕ್ರವಾರ ತುರ್ಭೆ ನಾಕಾದ ಕೂಡುರಸ್ತೆಯಲ್ಲಿ ಜನ ಚೆನ್ನಯನನ್ನು ಹಿಡಿದರು. ಚೆನ್ನಯ ಅಲ್ಲಿ ಗಾಡಿಯ ಮೇಲೆ ಎಳನೀರು ಮಾರುವವನು. ಭುಜಂಗನ ಊರಿನ ಕಡೆಯವನು. ಅವನು ಉಟ್ಟಿದ್ದೂ ಚೌಕುಳಿ ಲುಂಗಿ, ಕೈಯಲ್ಲಿದ್ದದ್ದು ಎಳನೀರು ಕೆತ್ತುವ ಕತ್ತಿ. ಕ್ವಾರಿಯ ಸಂತ್ರಸ್ತರು 'ಇವನೇ' ಎಂದರು. ಹೊಡೆದು, ಗಾಡಿ ಮಗುಚಿ, ಪೊಲೀಸ್ ಚೌಕಿಗೆ ಒಪ್ಪಿಸಿದರು.

ಸಂಜೆ ಸೊಸೈಟಿಯ ಆಫೀಸಿನಲ್ಲಿ ತುರ್ತು ಮೀಟಿಂಗು. ಪ್ಲಾಸ್ಟಿಕ್ ಕುರ್ಚಿಗಳು ಸಾಲದೆ ಕೆಲವರು ನೀರಿನ ಪಂಪಿನ ಕಟ್ಟೆಯ ಮೇಲೆ ಕೂತರು.

"ಭುಜಂಗಣ್ಣ, ಇನ್ಮೇಲೆ ನೀವು ಬರ್ಮುಡಾ ಹಾಕೋದೇ ಸೇಫು," ಎಂದು ಯಾರೋ ಅಂದರು. ನಗು ಎದ್ದ ಹಾಗೆಯೇ ಬಿದ್ದುಹೋಯಿತು.

ರಾಮಚಂದ್ರ ಕನ್ನಡಕ ತೆಗೆದು ಒರೆಸಿದ. "ನೋಡಿ ಸಾರ್, ನೀವು ಏನು ಮಾಡಿದ್ರಿ ಅಂತ ನಮಗೆಲ್ಲ ಗೊತ್ತು. ನಾವ್ಯಾರೂ ಕೃತಘ್ನರಲ್ಲ. ಆದರೆ ಹೊರಗಿನವರಿಗೆ ಬಿಡಿಸಿ ಹೇಳೋಕಾಗುತ್ತಾ? ಅವರು ಗೇಟಿಗೆ ಬಂದು ಕಲ್ಲು ಹೊಡೆದರೆ? ವಿಡಿಯೊದಲ್ಲಿ ಮುಖ ಇಲ್ಲ. ನಮ್ಮ ಸೊಸೈಟಿಯವರಲ್ಲ ಅಂತ ಒಂದು ಮಾತು ಹೇಳಿಬಿಟ್ಟರೆ ಮುಗೀತು."

"ಚೆನ್ನಯ?" ಎಂದ ಭುಜಂಗ.

"ಅವನು ತಪ್ಪು ಮಾಡಿಲ್ಲ ಅಂದ್ಮೇಲೆ ಬಿಡ್ತಾರೆ ಬಿಡಿ ಸಾರ್. ಇವತ್ತಲ್ಲ ನಾಳೆ."

"ನಾನೂ ತಪ್ಪು ಮಾಡಿಲ್ಲ ಅಂತ ನಿಮಗೆ ಹೇಗೆ ಗೊತ್ತು?"

ರಾಮಚಂದ್ರ ಕನ್ನಡಕ ಹಾಕಿಕೊಂಡು, "ನೀವು ದಣಿದಿದೀರಿ. ಮನೆಗೆ ಹೋಗಿ ಮಲಗಿ," ಎಂದ.

ಮನೆಯಲ್ಲಿ ಜಯಲತಾ ಅವನು ಬಾಯಿ ತೆರೆಯುವ ಮೊದಲೇ ಶುರುಮಾಡಿದಳು. "ನೀವು ಎಲ್ಲಿಗೂ ಹೋಗುವುದು ಬೇಡ ಮಾರಾಯ್ರೆ. ಮಗ ರಂಜನನೂ ಆಫೀಸಿನಿಂದ ಫೋನ್ ಮಾಡಿ ಅದನ್ನೇ ಹೇಳಿದ, ಪಪ್ಪನನ್ನು ಹೊರಗೆ ಬಿಡಬೇಡ ಅಂತ."

"ಚೆನ್ನಯನ ಹಲ್ಲು ಮುರಿದಿದ್ದಾರಂತೆ."

"ನನಗೆ ಬೇಸರ ಇಲ್ವಾ? ಅವನ ಮದುವೆಗೆ ನಾನೇ ಅಲ್ವಾ ಸೀರೆ ಕೊಟ್ಟದ್ದು? ಆದರೆ ನಿಮಗೆ ಎಂತಾದರೂ ಆದರೆ ನಾನು ಯಾರ ಹತ್ರ ಹೋಗಿ ಹೇಳುದು?"

ಒಳಕೋಣೆಯ ಬಾಗಿಲಿನಲ್ಲಿ ಮಾನಸಿ ನಿಂತಿದ್ದಳು. ಮೂರು ದಿನಗಳಿಂದ ಅವಳು ಫೋನನ್ನು ಮುಟ್ಟಿರಲಿಲ್ಲ. "ಅಜ್ಜಾ, ಮೈನೇ ತೋ ಸಿರ್ಫ್ ಫ್ಯಾಮಿಲಿ ಗ್ರೂಪ್ ಮೇ ಡಾಲಾ ಥಾ," ಎಂದಳು. ಮನೆಯವರ ಗುಂಪಿಗಷ್ಟೇ ಹಾಕಿದ್ದೆನೆಂಬ ಅದೇ ಮಾತನ್ನು ಅವಳು ಎಷ್ಟು ಸಲ ಹೇಳಿದ್ದಳೋ.

"ಗೊತ್ತುಂಟು ಮಗಾ," ಎಂದ ಭುಜಂಗ. "ನಾಳೆ ನನ್ನೊಟ್ಟಿಗೆ ಬಾ. ಫೋನು ತೆಕ್ಕೊ."

ಬೆಳಿಗ್ಗೆ ಅವನು ಇಸ್ತ್ರಿಯ ಪ್ಯಾಂಟು, ಅಂಗಿ ಹಾಕಿ ಚೌಕಿಗೆ ಹೋದ. ಒಂದು ಕಾಲದಲ್ಲಿ ಹೋಟೆಲಿನ ಲೈಸೆನ್ಸಿನ ಕೆಲಸಕ್ಕೆ ಹೋಗುವಾಗ ಧರಿಸುತ್ತಿದ್ದ ವೇಷ ಅದು. ಕೈ ತಾನಾಗಿಯೇ ಅದನ್ನು ಆರಿಸಿತ್ತು. ಮೇಜಿನ ಹಿಂದಿನ ಹವಾಲ್ದಾರ ಎದ್ದು ಕುರ್ಚಿ ತೋರಿಸಿದ. ಒಳಗಿನ ಬೆಂಚಿನ ಮೇಲೆ ಚೆನ್ನಯ ಕೂತಿದ್ದ. ಒಂದು ಕಣ್ಣು ಮುಚ್ಚಿಹೋಗಿತ್ತು. ತೆರೆದಿದ್ದ ಕಣ್ಣಿನಿಂದ ಭುಜಂಗನನ್ನು ನೋಡಿ, ಧಣಿಗಳು ಬಂದರೆಂದು ಎದ್ದು ನಿಲ್ಲಲು ಹೊರಟ; ಆಗಲಿಲ್ಲ.

"ವಿಡಿಯೊದಲ್ಲಿರುವವನು ನಾನು," ಎಂದು ಭುಜಂಗ ಮರಾಠಿಯಲ್ಲಿ ಹೇಳಿದ. ಮಾನಸಿ ಫೋನನ್ನು ಮುಂದೆ ಹಿಡಿದಳು.

ಹವಾಲ್ದಾರ ವಿಡಿಯೊವನ್ನು ನೋಡಿದ. ಆಮೇಲೆ ಭುಜಂಗನ ಅಂಗಿಯ ಮಡಿಕೆಗಳನ್ನು, ಕೈಗಡಿಯಾರವನ್ನು, ಬಿಳಿಯ ಕೂದಲನ್ನು ನೋಡಿ ಮುಗುಳ್ನಕ್ಕ. "ಇವನು ನಿಮ್ಮ ಗಾವ್‌ವಾಲಾ, ಊರಿನವನು, ಅಲ್ಲವೇ ಕಾಕಾ? ನನಗೆ ಅರ್ಥವಾಗುತ್ತದೆ. ಒಳ್ಳೆಯ ಮನಸ್ಸು ನಿಮ್ಮದು. ಘರೀ ಜಾ, ಮನೆಗೆ ಹೋಗಿ."

"ನಾನು ಸುಳ್ಳು ಹೇಳುತ್ತಿಲ್ಲ."

"ಕ್ವಾರಿಯ ಜನವೇ ಇವನನ್ನು ಗುರುತಿಸಿದ್ದಾರೆ. ಅವರು ಬಂದು ಇವನಲ್ಲ ಎಂದರೆ ಬಿಡೋಣ. ನಿಮ್ಮಂಥವರು ಯಾಕೆ ಗುಡ್ಡಕ್ಕೆ ಬೆಂಕಿ ಹಚ್ಚುತ್ತಾರೆ?" ಎಂದು ಅವನು ಮಾನಸಿಯತ್ತ ತಿರುಗಿದ. "ಬೇಟಾ, ನಿನ್ನ ಆಜೋಬಾರನ್ನು ಬಿಸಿಲೇರುವ ಮೊದಲು ಕರೆದುಕೊಂಡು ಹೋಗು."

ಬಾಗಿಲು ತೆರೆದ ಜಯಲತಾ ಗಂಡನ ಮುಖ ನೋಡಿ, "ಬಿಟ್ರಾ?" ಎಂದಳು.

"ನಂಬಲಿಲ್ಲ," ಎಂದ ಅವನು. "ಆ ಲುಂಗಿ ಕೊಡು."

ಜಯಲತಾ ಕಪಾಟು ತೆರೆದು, ಕಂಬಳಿಯ ಅಡಿಯಿಂದ ಉಂಡೆಯನ್ನು ಎಳೆದು ಮೇಜಿನ ಮೇಲೆ ಬಿಡಿಸಿದಳು. ಒಗೆದಿದ್ದರೂ ಅಂಚಿನಲ್ಲಿ ಕಿಡಿ ಸುಟ್ಟ ಸಣ್ಣ ತೂತುಗಳು ಉಳಿದಿದ್ದವು. ಅಂಗೈಯಿಂದ ಸುಕ್ಕು ತೀಡುತ್ತಾ, "ಇಸ್ತ್ರಿ ಹಾಕ್ಲಾ?" ಎಂದಳು; ಅಭ್ಯಾಸ ಅವಳಿಂದ ಆ ಮಾತನ್ನು ಆಡಿಸಿತ್ತು.

"ಬೇಡ. ಹೀಗೇ ಇರಲಿ."

ಸಂತ್ರಸ್ತರನ್ನು ಇಟ್ಟಿದ್ದ ಶಾಲೆ ಗುಡ್ಡದ ಬುಡದಲ್ಲೇ ಇತ್ತು. ಬನಿಯನ್, ಲುಂಗಿಯಲ್ಲಿ ಭುಜಂಗ ರಸ್ತೆಯ ಮೇಲೆ ನಡೆದ, ಪಕ್ಕದಲ್ಲಿ ಮಾನಸಿ. ಪಾನಿನ ಅಂಗಡಿಯವನು ಒಮ್ಮೆ ನೋಡಿ ಫೋನು ತೆಗೆದ. ಶಾಲೆಯ ಅಂಗಳದಲ್ಲಿ ಯಾರೋ ಖಿಚಡಿ ಬಡಿಸುತ್ತಿದ್ದರು. ಜನ ಸ್ಟೀಲಿನ ತಟ್ಟೆಗಳನ್ನು ಎದೆಗವಚಿಕೊಂಡು ಸಾಲಾಗಿ ನಿಂತಿದ್ದರು. ಸಾಲಿನಿಂದ ಕೇಳಿ ಬಂದದ್ದು ಕನ್ನಡ, ಯಾದಗಿರಿಯ ಕಡೆಯದು. ಗುಡ್ಡದ ಆ ಮಗ್ಗುಲಲ್ಲಿ ಇಷ್ಟು ವರ್ಷ ಕಲ್ಲು ಒಡೆದವರು ಯಾವ ಮಾತಿನವರೆಂದು ಅವನು ಕೇಳಿರಲಿಲ್ಲ.

ಮೆಟ್ಟಿಲ ಮೇಲೆ ಒಬ್ಬ ಹೆಂಗಸು ತಟ್ಟೆಯಿಲ್ಲದೆ ಕೂತಿದ್ದಳು. ಪಕ್ಕದವಳು ಅವಳನ್ನು ಎಬ್ಬಿಸಲು ನೋಡುತ್ತಿದ್ದಳು. "ಬಾಲಮ್ಮ, ಏಳವ್ವ. ಒಂದ್ ತುತ್ತು ಉಣ್ಣು. ನಿನ್ನ ಗಂಡ ಮಾಪಣ್ಣ ಹೋದ ಅಂತ ನೀನೂ ಹೊಂಟಿಯೇನು?"

ಭುಜಂಗ ಅವಳ ಮುಂದೆ ನಿಂತ. "ಅಮ್ಮಾ, ಆ ವಿಡಿಯೊದಲ್ಲಿ ಇರುವುದು ನಾನು. ಎಳನೀರಿನವನಲ್ಲ."

ಬಾಲಮ್ಮ ತಲೆಯೆತ್ತಿದಳು. "ಯಾರ್ರಿ ನೀವು? ನಮ್ಮ ಮಾತಾಡ್ತೀರಿ."

"ಆ ಬಿಲ್ಡಿಂಗಿನವನು. ಬೆಂಕಿ ನಮ್ಮ ಮೇಲೆ ಇಳಿದು ಬರ್ತಾ ಇತ್ತು. ಅದನ್ನು ತಡೆಯಲಿಕ್ಕೆ ಎದುರು ಬೆಂಕಿ ಕೊಟ್ಟೆ. ಅದು ನಿಂತಿತು. ಮಧ್ಯಾಹ್ನ ಗಾಳಿ ತಿರುಗಿತು. ನಿಮ್ಮ ಕಡೆ ಬಂದದ್ದು ಯಾವ ಬೆಂಕಿ ಅಂತ ನನಗೆ ಗೊತ್ತಿಲ್ಲ."

"ಯಾವ ಬೆಂಕಿ ಅಂದ್ರ ಏನ್ರಿ?" ಎಂದಳು ಬಾಲಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. "ರಾತ್ರಿಪಾಳಿ ಮುಗಿಸಿ ಬಂದು ಮಲಗಿದ್ದ. ಎಬ್ಬಸಾಕ ಆಗಲಿಲ್ಲ. ಬೆಂಕಿಗೆ ಹೆಸರದ ಏನ್ರಿ?"

ಸಾಲು ಮುರಿದು ಜನ ಸುತ್ತ ಸೇರಿದರು. "ಮುದುಕ ಸುಳ್ಳ ಹೇಳಾಕತ್ಯಾನ," ಎಂದ ಒಬ್ಬ. "ತನ್ನ ಊರವನ್ನ ಬಿಡಿಸ್ಕೊಂಡು ಹೋಗಾಕ ಬಂದಾನ."

"ಲುಂಗಿ ಉಟ್ಕೊಂಡು ಬಂದಾನ ನೋಡೋ, ನಾಟಕದಾಗ ಬಂದಂಗ!"

"ಅಂವನ ಮಾರಿ ಯಾರ್ ನೋಡ್ಯಾರ?" ಎಂದಳು ಬಾಲಮ್ಮ, ಯಾರನ್ನೂ ನೋಡದೆ.

ಭುಜಂಗನಿಗೆ ಆಗ ತಿಳಿಯಿತು. ಇವರು ಅವನ ಮುಖದಲ್ಲಿ ಹುಡುಕುತ್ತಿದ್ದುದು ಅಲ್ಲಿ ಇರಲೇ ಇಲ್ಲ. ಮೂರು ಹಗಲು, ಮೂರು ರಾತ್ರಿ ಇವರು ದಿಟ್ಟಿಸಿ ದಿಟ್ಟಿಸಿ ಬಾಯಿಪಾಠ ಮಾಡಿಕೊಂಡದ್ದು ಒಂದು ಬೆನ್ನನ್ನು ಮಾತ್ರ. ಅವನು ಅವರತ್ತ ಬೆನ್ನು ಹಾಕಿ ನಿಂತ. ಲುಂಗಿಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿಕಟ್ಟಿದ. ನೆಲದಲ್ಲಿ ಬಿದ್ದಿದ್ದ ಒಂದು ಕಡ್ಡಿಯನ್ನು ಎತ್ತಿಕೊಂಡು, ಬಾಗಿ, ಹುಲ್ಲಿಲ್ಲದ ಅಂಗಳದ ಮಣ್ಣಿಗೆ ತಾಗಿಸಿದ. ಸ್ವಲ್ಪ ಮುಂದೆ ನಡೆದು ಮತ್ತೆ ಬಾಗಿದ. ಮಾನಸಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಅಂಗಳದಲ್ಲಿ ಸೌಟಿನ ಸದ್ದು ನಿಂತಿತು.

"ಹೌದು," ಎಂಬ ಬಾಲಮ್ಮನ ದನಿ ಹಿಂದಿನಿಂದ ಬಂತು. "ಅಂವ ಇಂವನ. ಹಿಂಗ ಬಾಗತಿದ್ದ." ಆಮೇಲೆ ಸುತ್ತಲಿನವರಿಗೆ: "ಯಾರರ ಚೌಕಿಗಿ ಹೋಗ್ರೋ. ಆ ಎಳನೀರಿನವನ್ನ ಬಿಡಂತ ಹೇಳ್ರಿ."

ಯಾರೋ ಓಡಿದ ಸದ್ದಾಯಿತು. ಭುಜಂಗ ನೆಟ್ಟಗಾದ. ಎದುರಿಗೆ ಶಾಲೆಯ ಗೋಡೆ, ಅದರ ಮೇಲೆ ಗುಡ್ಡ. ಶಾಲೆಯ ಕರಿಹಲಗೆಯ ಹಾಗೆ ಕಪ್ಪಾಗಿ, ಬರೆದದ್ದೆಲ್ಲ ಒರೆಸಿಹೋಗಿ. ತಿರುಗು ಎಂದು ಅವನಿಗೆ ಯಾರೂ ಹೇಳಲಿಲ್ಲ. ಕಡ್ಡಿಯನ್ನು ಹಿಡಿದು ಅವನು ಹಾಗೆಯೇ ನಿಂತ. ಬೆನ್ನಿನ ಹಿಂದೆ ಹೆಜ್ಜೆಗಳು ಹತ್ತಿರವಾಗುತ್ತಿದ್ದವು. ಅವು ಮೊಮ್ಮಗಳವೋ ಅವರವೋ ಎಂದು ಅವನಿಗೆ ತಿಳಿಯಲಿಲ್ಲ.