ಗಾಜಿನಾಚೆಯ ಮಡಿ

ಗಾಜಿನ ಬಾಗಿಲಿಗೆ ಆಚೆಯಿಂದ ಅಂಟಿಸಿದ ಹಾಳೆ ಒಳಗಿನಿಂದ ತಿರುವುಮುರುವಾಗಿ ಕಾಣುತ್ತದೆ, ಅಕ್ಷರಗಳೆಲ್ಲ ಮುನಿಸಿಕೊಂಡು ಬೆನ್ನು ತಿರುಗಿಸಿದ ಹಾಗೆ, ಆದರೂ ಧಾರಿಣಿಗೆ ಅದು ಬಾಯಿಪಾಠ — ಒಮ್ಮೆಗೆ ಒಬ್ಬರೇ, ಹೂವು ಬೇಡ, ಹಣ್ಣು ಬೇಡ, ನೆಗಡಿಯಿದ್ದವರು ಬರಕೂಡದು, ಚಪ್ಪಲಿ ಹೊರಗೆ, ಕೈ ತೊಳೆದು ಒಳಗೆ, ಹಾಸಿಗೆಯ ಮೇಲೆ ಕೂರಬಾರದು — ಅಲ್ಲ, ಕಾಲ ಬಳಿ ಕೂತು ಹೊದಿಕೆ ಸರಿಮಾಡದಿದ್ದರೆ ನಮ್ಮ ಜನಕ್ಕೆ ಕಾಯಿಲೆಯವರನ್ನು ನೋಡಿಬಂದ ಹಾಗೆ ಎಲ್ಲಾಗುತ್ತದೆ. ಔಷಧಿ ರಕ್ತದ ಕೆಟ್ಟ ಕಣಗಳ ಜೊತೆ ಒಳ್ಳೆಯವನ್ನೂ ಕೊಂದಿದೆ, ಹೊಸವು ಹುಟ್ಟುವತನಕ ಯಾರದೋ ಒಂದು ಸೀನು ಸಾಕು, ಇದನ್ನು ಡಾಕ್ಟರು ಇವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ, ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುವವಳಿಗೆ, ಪ್ರತಿ ವರ್ಷ ಹೊಸ ಹುಡುಗಿಯರ ಬೆರಳನ್ನು ಕ್ರಿಮಿ ಬೆಳೆಸುವ ಅಗಾರ್ ತಟ್ಟೆಗೆ ಒತ್ತಿಸುತ್ತಿದ್ದಳಲ್ಲ, ತೊಳೆಯದ ಬೆರಳು ಒಂದು ಕಡೆ, ತೊಳೆದದ್ದು ಇನ್ನೊಂದು ಕಡೆ, ಮಾರನೆಯ ದಿನ ಎರಡೂ ಕಡೆ ಬೆಳ್ಳಗೆ ಚುಕ್ಕಿಗಳು ಎದ್ದಿರುತ್ತಿದ್ದವು, ಒಂದು ಕಡೆ ಕಡಿಮೆ, ಅಷ್ಟೆ, ಹಾಗಾದರೆ ಪೂರ್ತಿ ಶುದ್ಧ ಅನ್ನೋದು ಇಲ್ಲವೇ ಇಲ್ವಾ ಮ್ಯಾಮ್, ಇಲ್ಲಮ್ಮ. ನಿನ್ನೆ ಜ್ವರ ಬಂದಿತ್ತು, ಬೆಳಿಗ್ಗೆ ಇಳಿದಿದೆ, ಮತ್ತೆ ಏರಿದರೆ ಎದುರು ನಿಲ್ಲಲು ಈ ಮೈಯಲ್ಲಿ ಏನೂ ಉಳಿದಿಲ್ಲ. ದತ್ತಾತ್ರೇಯನಿಗೆ ನೆಗಡಿ, ಗಂಡನಾದರೂ ನೆಗಡಿ ನೆಗಡಿಯೇ, ಲೀಲಾ ಸಿಸ್ಟರ್ ಲಿಫ್ಟಿನ ಹತ್ತಿರವೇ ತಡೆದರಂತೆ, ಅಲ್ಲಿಂದಲೇ ಆರ್.ಕೆ.ಪುರಂನ ಕ್ವಾರ್ಟರ್ಸಿಗೆ ವಾಪಸು ಹೋದನಂತೆ, ಪುಣ್ಯಾತ್ಮ, ಬರುವವರು ಬಂದು ಕಾಪಾಡುತ್ತಾರೆ, ಇವನು ಬಾರದೆ ಕಾಪಾಡುತ್ತಿದ್ದಾನೆ. ಅಂದಿನಿಂದ ಅವನ ಬದಲು ಅವನ ತಾಯಿ ಬರುತ್ತಾರೆ, ಸೀತಮ್ಮ, ಅತ್ತೆ — ಬೇರೆ ಯಾರೂ ಸಿಗಲಿಲ್ಲವೇ ಅನ್ನಿಸಿದ್ದು ಸುಳ್ಳಲ್ಲ.

ಮದುವೆಯಾಗಿ ಆ ಕ್ವಾರ್ಟರ್ಸಿಗೆ ಬಂದ ಹೊಸದರಲ್ಲಿ, ಸ್ನಾನ ಮಾಡಿ ಒದ್ದೆ ಸೀರೆಯಲ್ಲಿ ಅತ್ತೆ ಅಡುಗೆಮನೆಗೆ ಹೊರಟರೆ ಮುಟ್ಟಬೇಡ, ಆಚೆ ಸರಿ, ತಿಂಗಳಿಗೆ ಮೂರು ದಿನ ಬಾಲ್ಕನಿಯಲ್ಲಿ ಬೇರೆ ತಟ್ಟೆ, ಬೇರೆ ಲೋಟ, ಎಂ.ಎಸ್ಸಿ. ಮಾಡಿದ ಸೊಸೆ, ಕೆಳಗಿನಿಂದ ತರಕಾರಿ ಭಯ್ಯಾ ತಲೆಯೆತ್ತಿ ನೋಡುತ್ತಿದ್ದ, ವರ್ಷಗಟ್ಟಲೆ ಒಗೆಯದ ರೇಷ್ಮೆ ಸೀರೆ ಹೇಗೆ ಮಡಿಯಾಗುತ್ತೆ ಅತ್ತೆ ಎಂದು ಕೇಳಿದ್ದಕ್ಕೆ ನಿನ್ನ ವಿಜ್ಞಾನ ನಿನಗೆ, ನನ್ನ ಒಲೆ ನನಗೆ. ಅದು ಮರೆತಿಲ್ಲ, ಮರೆಯುವುದೂ ಬೇಡ, ಆದರೆ ಮೊನ್ನೆ ಪದ್ಮಾ ಬಂದಳಲ್ಲ, ಕಿದ್ವಾಯಿ ನಗರದ ಗೆಳತಿ, ಆ ಬಿಸಿಲಿನಲ್ಲಿ ಬಸ್ಸು ಹಿಡಿದು, ಗುಲಾಬಿ, ಸೇಬು, ಮಠದ ಮಂತ್ರಾಕ್ಷತೆ, ಸಿಸ್ಟರ್ ಒಂದನ್ನೂ ಒಳಗೆ ಬಿಡಲಿಲ್ಲ, ದೇವರ ಅಕ್ಷತೆಗೂ ಕ್ರಿಮಿ ಹತ್ತುತ್ತೇನ್ರೀ ಅನ್ನುವ ಅವಳ ಗಂಟಲು ಬಾಗಿಲು ದಾಟಿ ಒಳಗೂ ಬಂತು, ಆಮೇಲೆ ಅತ್ತೆಯದು, ಸಮಾಧಾನವಾಗಿ — ಇಟ್ಟುಕೊಂಡಿರೆ ಪದ್ಮಾ, ಮನೆಗೆ ಬಂದಮೇಲೆ ಅವಳ ತಲೆಗೆ ನೀನೇ ಹಾಕುವೆಯಂತೆ, ಈಗ ಅವಳು ಮಡಿಯಲ್ಲಿದ್ದಾಳೆ, ನಾವೆಲ್ಲ ಮೈಲಿಗೆ. ನಾನೂ.

ನಾನೂ ಅಂದರು. ಧಾರಿಣಿ ಅವತ್ತು ಗೋಡೆಯ ಕಡೆ ತಿರುಗಿ ಮಲಗಿದ್ದಳು, ಅಳುವುದೋ ನಗುವುದೋ ತಿಳಿಯದೆ, ಮಡಿಗೂ ಈ ಹಾಳೆಗೂ ಏನೇನೂ ಸಂಬಂಧವಿಲ್ಲ ಎಂದು ಪಾಠ ಹೇಳುವವಳ ಹಾಗೆ ತನಗೆ ತಾನೇ ಹೇಳಿಕೊಳ್ಳುತ್ತ, ಹೌದು, ಸಂಬಂಧವಿಲ್ಲ, ಆದರೂ — ಅಗೋ, ಬಂದರು. ಸೀರೆಯ ಮೇಲೆ ಆಸ್ಪತ್ರೆಯ ಹಸಿರು ನಿಲುವಂಗಿ, ಯಾರ್ಯಾರೋ ತೊಟ್ಟದ್ದು, ಯಾವ ಧೋಬಿ ಒಗೆದದ್ದೋ, ಧೋಬಿಯಿಂದ ಬಂದ ಬಟ್ಟೆಯನ್ನು ಮತ್ತೊಮ್ಮೆ ನೀರಿಗದ್ದದೆ ಮುಟ್ಟದವರು ತುಟಿಪಿಟಕ್ಕೆನ್ನದೆ ತೊಟ್ಟಿದ್ದಾರೆ. ಬೆರಳ ಸಂದು, ಉಗುರ ಬುಡ, ಮಣಿಕಟ್ಟು, ತೊಳೆದಾಯಿತು, ಒರೆಸಿದ್ದಾಯಿತು, ಒಳಗೆ ಬರುವಾಗ ಬೆರಳು ಬಾಗಿಲಿಗೆ ತಗುಲಿತು, ಮತ್ತೆ ಹಿಂದೆ, ಮತ್ತೆ ಸಾಬೂನು, ಸಾಕು ಬನ್ನಿ ಅತ್ತೆ, ಭೇಟಿಯ ಹೊತ್ತು ಮುಗಿದರೆ ಹೊರಗೆ ಕಳಿಸುತ್ತಾರೆ, ಸೂಜಿ ಚುಚ್ಚುವ ಕೈ ಬಿಟ್ಟು ಇನ್ನೊಂದು ಕೈ ಈ ಮೈಗೆ ತಾಗಿ ಎಷ್ಟು ಕಾಲವಾಯಿತು.

ಒಳಗೆ ಬಂದು ದಿನವೂ ನಿಲ್ಲುವಂತೆ ಗೋಡೆಯ ಬದಿಗೇ ನಿಂತರು, ಜ್ವರವಂತೆ ಅಂದರು, ಇಳಿದಿದೆ ಅಂದಳು. ಡ್ರಿಪ್ಪು ಸರಿಮಾಡುತ್ತಿದ್ದ ಲೀಲಾ ಸಿಸ್ಟರ್ ತಮ್ಮ ಮಲಯಾಳಿ ಹಿಂದಿಯಲ್ಲಿ, ಮಾತಾಜಿ, ಕೈ ತೊಳೆದಿದ್ದೀರಲ್ಲ, ಮುಟ್ಟಬಹುದು ಅಂದರು, ಅತ್ತೆ ಅಚ್ಛಾ ಅಂದರು, ಕದಲಲಿಲ್ಲ. ಎರಡೂ ಕೈ ಎಲ್ಲಿಗೂ ತಾಗದಂತೆ ಎದೆಯ ಮುಂದೆ ಎತ್ತಿ ಹಿಡಿದು, ಕೂದಲುದುರಿದ ಅವಳ ತಲೆಯನ್ನೇ ನೋಡುತ್ತ, ಮನೆಯ ನಿಯಮಗಳನ್ನೆಲ್ಲ ಯಾರನ್ನೂ ಕೇಳದೆ ಮಾಡಿದವರು ಕೇಳುತ್ತಿದ್ದಾರೆ —

ಮುಟ್ಟಲೇನೆ? ನಿನ್ನ ಮಡಿ ಕೆಡೋದಿಲ್ಲ ತಾನೆ?

ಮುಟ್ಟಿ ಅತ್ತೆ — ಅಂದಳೋ, ಅಂದುಕೊಂಡಳೋ, ಕೈ ಬರುತ್ತಿದೆ, ಮುಪ್ಪಿನ ಕೈ, ಸಾಬೂನಿಗೆ ಸುಕ್ಕಿ ಬೆಳ್ಳಗಾದ ಬೆರಳು, ಮೊದಲು ಬೆರಳ ತುದಿ, ಆಮೇಲೆ ಇಡೀ ಅಂಗೈ, ಬರಿಯ ತಲೆಯ ಮೇಲೆ ಬರಿಯ ಅಂಗೈ, ತಣ್ಣಗೆ, ಅಂಗೈ, ತಣ್ಣಗೆ, ಅಂಗೈ