ಟೇಪು ಹೇಳಿದ ವಯಸ್ಸು

ಒಂದಾನೊಂದು ಬೀದಿಯಲ್ಲಿ ಒಬ್ಬ ದರ್ಜಿ ಇದ್ದ. ಕಥೆಗಳಲ್ಲಿ ರಾಜನ ಹೆಗಲ ಮೇಲೆ ಮಾತಾಡುವ ಗಿಣಿ ಕೂತಿರುತ್ತದಲ್ಲ, ಹಾಗೆ ಈ ದರ್ಜಿಯ ಕೊರಳಲ್ಲಿ ಒಂದು ಅಳತೆ ಟೇಪು ನೇತಾಡುತ್ತಿತ್ತು. ರಾಜ ಏನು ಮಾಡುವುದಿದ್ದರೂ ಗಿಣಿಯನ್ನು ಕೇಳುತ್ತಿದ್ದ. ಇವನು ಟೇಪನ್ನು ಕೇಳುತ್ತಿದ್ದ. ಇದು ಏಳು ಸಮುದ್ರದಾಚೆಯ ಕಥೆಯಲ್ಲ. ಹೋದ ವರ್ಷದ್ದು.

ಬೀದಿಯವರೆಲ್ಲ ಅವನನ್ನು ಟೇಪಣ್ಣ ಎಂದೇ ಕರೆಯುತ್ತಿದ್ದರು. ಅಂಗಡಿ ಎಂದರೆ ನಾಲ್ಕು ಹೆಜ್ಜೆ ಅಗಲದ ಕೋಣೆ. ಒಂದು ಹೊಲಿಗೆ ಮಿಷನ್ ಅವನದು, ಇನ್ನೊಂದು ಹೆಂಡತಿಯದು. ಎರಡರ ನಡುವೆ, ಬಟ್ಟೆಯ ಚೂರುಗಳ ರಾಶಿಯಲ್ಲಿ ಕೂತು ಆಡುವವಳು ಮಗಳು. ಚೋಟುದ್ದ ಇದ್ದಳೆಂದು ಅವಳಿಗೆ ಚೋಟಿ ಎಂದು ಹೆಸರು ಬಿದ್ದಿತ್ತು.

ಟೇಪಣ್ಣನಿಗೆ ಒಬ್ಬಳೇ ಅಕ್ಕ. ತಾಯಿ ಹೋದ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಸೂಜಿಗೆ ದಾರ ಪೋಣಿಸುವುದನ್ನು ಕಲಿಸಿದವಳೂ ಅವಳೇ. ಈಗ ದೂರದ ಊರಿನ ಒಂದು ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆಗಳನ್ನು ರಿಪೇರಿ ಮಾಡುತ್ತ, ಅಲ್ಲೇ ಹಿಂಭಾಗದ ಕೋಣೆಯಲ್ಲಿ ಕೆಲಸದ ಗೆಳತಿಯೊಬ್ಬಳ ಜೊತೆ ಇದ್ದಳು. ರೈಲಿನಲ್ಲಿ ಹೋದರೆ ಪೂರ್ತಿ ಮೂರು ದಿನದ ದಾರಿ. ಅಕ್ಕ ಚೋಟಿಯನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ.

ಒಂದು ದಿನ ಅಕ್ಕ ಫೋನ್ ಮಾಡಿದಳು.

"ಲೋ ತಮ್ಮಯ್ಯ, ನನ್ನ ಕಣ್ಣಿನ ಪರದೆ ಸುತ್ತಲಿಂದ ಮುಚ್ಚಿಕೊಂಡು ಬರ್ತಿದೆಯಂತೆ. ಬಾಗಿಲ ಸಂದಿಯಿಂದ ನೋಡಿದ ಹಾಗೆ ಕಾಣುತ್ತೆ. ಎಷ್ಟು ದಿನ ಅಂತ ಡಾಕ್ಟರೂ ಹೇಳ್ತಿಲ್ಲ."

"ಅಕ್ಕಾ, ಫೋನಿನಲ್ಲಿ ಚೋಟಿ ಮುಖ ತೋರಿಸ್ತೀನಿ, ನೋಡು."

"ತೋರಿಸಿದ್ದೀಯಲ್ಲೋ. ಆ ಗಾಜಿನಲ್ಲಿ ನನಗೆ ಮೂಗಿದ್ದರೆ ಕಣ್ಣಿಲ್ಲ, ಕಣ್ಣಿದ್ದರೆ ಬಾಯಿಲ್ಲ. ಅವಳಿಗೆ ಒಂದು ಹಳದಿ ಫ್ರಾಕು ಹೊಲಿದಿಟ್ಟಿದ್ದೀನಿ. ಇದೇ ನನ್ನ ಕೊನೇ ಹೊಲಿಗೆ ಅನ್ಸುತ್ತೆ. ನನ್ನ ಕೈಯಾರೆ ತೊಡಿಸಿ, ಕಣ್ಣಾರೆ ನೋಡಬೇಕು. ಬೆಳಕಿರೋವಾಗ್ಲೇ ಬಂದುಬಿಡು."

"ಬರ್ತೀನಿ ಅಕ್ಕಾ. ನಿನ್ನ ತೊಡೆ ಮೇಲೆ ಕೂರಿಸ್ತೀನಿ. ನೀನೇ ತೊಡಿಸುವಂತೆ. ಮಾತು ಕೊಟ್ಟೆ."

ಮೂರು ದಿನದ ರೈಲು ಬೇಡ, ವಿಮಾನದಲ್ಲೇ ಹೋಗುವುದು ಎಂದು ತೀರ್ಮಾನವಾಯಿತು. ಆ ಊರಿಗೆ ವಾರಕ್ಕೆ ಎರಡೇ ವಿಮಾನ. ಮುಂದಿನ ತಿಂಗಳಿನ ಒಂದು ದಿನವನ್ನು ಗೊತ್ತು ಮಾಡಿದರು. ಇನ್ನೇನು ಟಿಕೆಟ್ ಮಾಡಿಸಬೇಕು ಎನ್ನುವಾಗ ಪಕ್ಕದ ಮನೆಯ ಟ್ರಾಲಿಯಮ್ಮ ಹರಿದ ಜೇಬು ಹೊಲಿಸಲು ಅಂಗಡಿಗೆ ಬಂದಳು. ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರು ಬಿಟ್ಟುಹೋದ ಸಾಮಾನಿನ ಗಾಡಿಗಳನ್ನು ಒಟ್ಟು ಮಾಡಿ ತಳ್ಳಿಕೊಂಡು ಬರುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ ಅಲ್ಲಿ ನಗುವವರನ್ನೂ ಅಳುವವರನ್ನೂ ನೋಡಿದ್ದಳು.

"ಏನು ಟೇಪಣ್ಣ, ಆಕಾಶಕ್ಕೂ ಅಳತೆ ತಗೊಳ್ಳೋಕೆ ಹೊರಟಿದ್ದೀರಂತೆ?"

"ಹೂಂ ಟ್ರಾಲಿಯಮ್ಮ. ನಾವಿಬ್ಬರು, ಎರಡು ಸೀಟು. ಮಗು ತೊಡೆ ಮೇಲೆ."

"ಚೋಟಿಗೀಗ ಎಷ್ಟು?"

"ಒಂದೂವರೆ."

ಹೆಂಡತಿ ಮಿಷನ್ ನಿಲ್ಲಿಸಿ ತಲೆ ಎತ್ತಿದಳು. "ಒಂದೂವರೆ ಎಲ್ಲಿ ರೀ? ನಾವು ಹೊರಡೋದಕ್ಕೆ ಐದು ದಿನ ಮುಂಚೆ ಎರಡು ತುಂಬುತ್ತೆ."

ಟೇಪಣ್ಣ ಕೊರಳಿನ ಟೇಪು ತೆಗೆದು ಮಗುವಿನ ಎದೆಗೆ ಸುತ್ತಿದ. "ನೋಡಿ, ಹತ್ತೊಂಬತ್ತು ಇಂಚು. ಒಂದೂವರೆ ವರ್ಷದ ಅಳತೆ. ಇಪ್ಪತ್ತು ವರ್ಷದಿಂದ ಮಕ್ಕಳ ಬಟ್ಟೆ ಹೊಲೀತಿದ್ದೀನಿ. ನನ್ನ ಟೇಪು ಸುಳ್ಳು ಹೇಳಲ್ಲ."

"ಟೇಪು ಹೇಳಲ್ಲ, ನೀವು ಹೇಳ್ತಿದ್ದೀರಿ," ಎಂದು ಟ್ರಾಲಿಯಮ್ಮ ನಕ್ಕಳು. ಆಮೇಲೆ ನಗು ಬಿಟ್ಟು ಸ್ಟೂಲು ಎಳೆದುಕೊಂಡು ಕೂತಳು. "ಕೇಳಿ ಇಲ್ಲಿ. ಎರಡು ವರ್ಷದೊಳಗಿನ ಮಗು ತೊಡೆ ಮೇಲೆ ಕೂರಬಹುದು. ಅದಕ್ಕೂ ಹೆಸರು ಕೊಟ್ಟು ಟಿಕೆಟ್ ಮಾಡಿಸಬೇಕು. ಎರಡು ತುಂಬಿತೋ, ಅದಕ್ಕೆ ಬೇರೆ ಸೀಟೇ ಆಗಬೇಕು. ಟಿಕೆಟ್ ಮಾಡಿಸಿದ ದಿನದ ವಯಸ್ಸು ಲೆಕ್ಕಕ್ಕಿಲ್ಲ. ವಿಮಾನ ಹತ್ತೋ ದಿನ ಎಷ್ಟು, ವಾಪಸ್ ಬರೋ ದಿನ ಎಷ್ಟು, ಅದು ಮುಖ್ಯ. ಜನನ ಪತ್ರ ಕೈಯಲ್ಲೇ ಇರಬೇಕು."

"ಕೂಸಿಗೂ ಪತ್ರ ಕೇಳ್ತಾರಾ? ಮುಖ ನೋಡಿದ್ರೆ ಗೊತ್ತಾಗಲ್ವಾ?"

"ನಿಮ್ಮ ಹತ್ರ ಟೇಪು ಇದ್ದ ಹಾಗೆ ಅವರ ಹತ್ರ ಪತ್ರ. ಮತ್ತೆ, ಎರಡು ಗಂಟೆ ಮೊದಲೇ ಬನ್ನಿ. ಮಕ್ಕಳಿರೋರು ಇನ್ನೂ ಸ್ವಲ್ಪ ಮೊದಲು ಬಂದ್ರೂ ತಪ್ಪಿಲ್ಲ."

"ಆಯ್ತಮ್ಮ, ಆಯ್ತು," ಎಂದ ಟೇಪಣ್ಣ. ಆದರೆ ಅವಳು ಹೋದ ಮೇಲೆ ಟಿಕೆಟ್ ಮಾಡಿಸುವವನ ಹತ್ತಿರ ಮಗುವಿನ ಹುಟ್ಟಿದ ತಾರೀಖನ್ನು ಆರು ತಿಂಗಳು ಮುಂದಕ್ಕೆ ಹೇಳಿಬಿಟ್ಟ. ಹೆಂಡತಿ ಕೇಳಿದ್ದಕ್ಕೆ, "ಸುಮ್ನಿರೇ. ಇವಳನ್ನ ನೋಡಿ ಎರಡು ವರ್ಷ ಅನ್ನೋ ಗಂಡು ಇನ್ನೂ ಹುಟ್ಟಿಲ್ಲ," ಎಂದ.

ವಿಮಾನ ನಿಲ್ದಾಣದ ಕೌಂಟರಿನಲ್ಲಿ ಗಂಡು ಇರಲಿಲ್ಲ. ಕನ್ನಡಕ ಹಾಕಿದ ಒಬ್ಬ ಹುಡುಗಿ ಇದ್ದಳು.

ಹೊರಡುವ ದಿನ ಒಬ್ಬ ಗಿರಾಕಿಯ ಪ್ಯಾಂಟಿನ ಅಂಚು ಮಡಿಸಿ ಕೊಟ್ಟು ಬರುತ್ತೇನೆಂದು ಟೇಪಣ್ಣ ಕೂತವನು ಏಳುವ ಹೊತ್ತಿಗೆ ತಡವಾಗಿತ್ತು. ಓಡುತ್ತ, ಏದುಸಿರು ಬಿಡುತ್ತ ಕೌಂಟರಿಗೆ ಬಂದರು. ಅದು ಮುಚ್ಚಲು ಹತ್ತೇ ನಿಮಿಷ ಉಳಿದಿತ್ತು.

"ಮಗುವಿನ ವಯಸ್ಸಿಗೆ ದಾಖಲೆ ಕೊಡಿ ಸರ್."

"ಮರೆತುಬಂದೆ ತಾಯಿ. ಒಂದೂವರೆ ಅಷ್ಟೆ. ಬೇಕಾದ್ರೆ ಅಳತೆ ಹಿಡಿದು ತೋರಿಸ್ತೀನಿ."

"ದಾಖಲೆ ಇಲ್ಲದೆ ತೊಡೆ ಮೇಲೆ ಕೂರಿಸೋಕೆ ಬರಲ್ಲ ಸರ್."

ಹೆಂಡತಿ ಚೀಲಕ್ಕೆ ಕೈ ಹಾಕಿದಳು. ಟ್ರಾಲಿಯಮ್ಮನ ಮಾತು ಕೇಳಿ ಜನನ ಪತ್ರವನ್ನು ಅವಳು ತಂದಿದ್ದಳು. ಪತ್ರ ಇದ್ದರೆ ಬಿಡುತ್ತಾರೇನೋ ಎಂಬ ಆಸೆ. ಹುಡುಗಿ ಅದನ್ನು ನೋಡಿದಳು, ಟಿಕೆಟ್ ನೋಡಿದಳು, ಮತ್ತೆ ಪತ್ರ ನೋಡಿದಳು.

"ಎರಡು ವರ್ಷ ಐದು ದಿನ. ತಾರೀಖೇ ಬೇರೆ ಇದೆಯಲ್ಲ ಸರ್. ಇವಳಿಗೆ ಸೀಟು ಬೇಕು. ವಿಮಾನ ಭರ್ತಿ."

"ಐದೇ ದಿನಕ್ಕೆ ಹೀಗಾ? ಇಡೀ ದಾರಿ ಬಿಗಿಯಾಗಿ ಹಿಡ್ಕೊಂಡಿರ್ತೀನಮ್ಮ."

"ವಿಮಾನ ಜೋರಾಗಿ ಅಲುಗಾಡಿದಾಗ ಯಾರ ಕೈಗೂ ಅಷ್ಟು ಬಲ ಇರಲ್ಲ ಸರ್. ಅದಕ್ಕೇ ಸೀಟು, ಅದಕ್ಕೇ ಬೆಲ್ಟು." ಹುಡುಗಿಯ ದನಿ ಮೆತ್ತಗಿತ್ತು. "ಒಂದು ಗಂಟೆ ಮೊದಲು ಬಂದಿದ್ದರೆ ನಿಮ್ಮಲ್ಲೊಬ್ಬರ ಸೀಟು ಬಿಡಿಸಿ ಮಗುವಿಗೆ ಹೊಸ ಟಿಕೆಟ್ ಆಗುತ್ತಾ ಅಂತ ನೋಡ್ತಿದ್ದೆ. ಈಗ ಸಮಯ ಇಲ್ಲ. ನೀವೊಬ್ಬರೇ ಹೋಗ್ತೀರಾ?"

"ಮಗು ಇಲ್ಲದೆ ಹೋಗಿ ಅಕ್ಕನಿಗೆ ಏನು ತೋರಿಸಲಿ, ಈ ಟೇಪನ್ನಾ?" ಎಂದ ಅವನು. ಕೌಂಟರಿನ ದೀಪ ಆರಿತು.

ಹೊರಗೆ ಗಾಡಿಗಳ ಸಾಲಿನ ಪಕ್ಕದಲ್ಲಿ ಅವನು ಅಕ್ಕನಿಗೆ ಫೋನ್ ಮಾಡಿದ. ಮೊದಲ ರಿಂಗ್ ಮುಗಿಯುವಷ್ಟರಲ್ಲೇ ಅವಳು ಎತ್ತಿದಳು.

"ಹತ್ತಿದ್ರಾ? ಫ್ರಾಕಿಗೆ ಇಸ್ತ್ರಿ ಹಾಕಿಟ್ಟಿದ್ದೀನಿ ಕಣೋ. ಕುರ್ಚಿಯನ್ನ ಕಿಟಕಿ ಹತ್ರ ಎಳೆಸಿದ್ದೀನಿ, ಅಲ್ಲಿ ಬೆಳಕು ಚೆನ್ನಾಗಿದೆ."

ಟೇಪಣ್ಣ ನಡೆದದ್ದನ್ನೆಲ್ಲ ಹೇಳಿದ. ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಇಂದಿಗೂ ಅನ್ನಿಸುತ್ತದೆ. "ಹೋಗ್ಲಿ ಬಿಡು. ಮುಂದಿನ ವಿಮಾನಕ್ಕೆ ಬಾ," ಎಂದಷ್ಟೇ ಅಂದಳು. ಗಾಡಿ ತಳ್ಳಿಕೊಂಡು ಬಂದ ಟ್ರಾಲಿಯಮ್ಮ ಅವರನ್ನು ನೋಡಿ ನಿಂತಳು. ನಾನು ಹೇಳಿರಲಿಲ್ಲವೇ ಎಂದು ಕೇಳಲಿಲ್ಲ. ಚೋಟಿಯನ್ನು ಖಾಲಿ ಗಾಡಿಯಲ್ಲಿ ಕೂರಿಸಿ ಬಸ್ಸಿನವರೆಗೆ ತಳ್ಳಿಕೊಂಡು ಬಂದಳು.

ಮುಂದಿನ ವಿಮಾನ ಭರ್ತಿಯಾಗಿತ್ತು. ಅದರ ಮುಂದಿನದಕ್ಕೆ ಸೀಟು ಸಿಕ್ಕಿತು, ಆದರೆ ಚೋಟಿಗೆ ನೆಗಡಿಯಾಗಿ ಕಿವಿ ನೋವು ಶುರುವಾಯಿತು. ಡಾಕ್ಟರು, "ಕಿವಿ ವಾಸಿಯಾಗೋವರೆಗೂ ವಿಮಾನ ಬೇಡ. ಮೇಲೇರುವಾಗ ಇಳಿಯುವಾಗ ಮಗು ಒದ್ದಾಡಿಬಿಡುತ್ತೆ," ಎಂದರು. ಕಿವಿ ವಾಸಿಯಾಗುವ ಹೊತ್ತಿಗೆ ಶಾಲೆ ಶುರುವಾಗುವ ಕಾಲ ಬಂತು. ಸಮವಸ್ತ್ರದ ಬಟ್ಟೆ ಅಂಗಡಿಯ ಸೂರು ಮುಟ್ಟಿತು. ಈ ವಾರ, ಮುಂದಿನ ವಾರ ಎನ್ನುತ್ತ ಟೇಪಣ್ಣ ಬೇರೆಯವರ ಮಕ್ಕಳ ಎದೆ, ತೋಳು, ಸೊಂಟ ಅಳೆದ.

ಒಂದು ಬೆಳಿಗ್ಗೆ ಅಕ್ಕನ ಗೆಳತಿ ಫೋನ್ ಮಾಡಿದಳು. "ನಿನ್ನೆಯಿಂದ ಅವಳು ದೀಪ ಹಾಕು ಅಂತ ಕೇಳ್ತಿಲ್ಲ," ಎಂದಳು. ಅಷ್ಟೇ ಹೇಳಿದಳು. ಟೇಪಣ್ಣ ಓಡುತ್ತಿದ್ದ ಮಿಷನ್ನಿನ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದ.

ಅಂದೇ ಅವನು ಟ್ರಾಲಿಯಮ್ಮನ ಬಾಗಿಲು ತಟ್ಟಿದ. "ಹೇಳಿಕೊಡಮ್ಮ. ಮೊದಲಿಂದ ಹೇಳಿಕೊಡು. ಈ ಸಲ ನಾನು ಬಾಯಿ ತೆಗೆಯಲ್ಲ."

"ಅದು ನಿಮ್ಮಿಂದಾಗದ ಕೆಲಸ ಟೇಪಣ್ಣ," ಎಂದಳು ಅವಳು. ಅವನೂ ಅರ್ಧ ನಕ್ಕ. ಆಮೇಲೆ ಅವಳು ಹೇಳಿದಂತೆಯೇ ಮಾಡಿದರು. ಜನನ ಪತ್ರದಲ್ಲಿರುವ ಹೆಸರು, ಅದೇ ತಾರೀಖು ಹಾಕಿಸಿ ಚೋಟಿಗೆ ಬೇರೆ ಸೀಟು ಮಾಡಿಸಿದರು. ಪತ್ರದ ಒಂದು ನಕಲನ್ನು ಇನ್ನೊಂದು ಚೀಲದಲ್ಲೂ ಇಟ್ಟರು. ಮಗುವಿನ ಹಾಲು, ಔಷಧಿ, ಡಾಕ್ಟರ ಚೀಟಿ, ಎರಡು ಜೊತೆ ಬಟ್ಟೆ ಕೈಚೀಲಕ್ಕೆ ಹೋದವು. ತಪಾಸಣೆಯಲ್ಲಿ ಹಾಲಿನ ಬಾಟಲಿಯನ್ನು ತಾವೇ ಹೊರತೆಗೆದು ತೋರಿಸಿದರು. ಅಂಗಿಯ ಜೇಬಿನಲ್ಲಿ ಸದಾ ಇರುವ ಪುಟ್ಟ ಕತ್ತರಿಯನ್ನು ಟೇಪಣ್ಣ ಮನೆಯಲ್ಲೇ ಬಿಟ್ಟ. ಮೂರು ಗಂಟೆ ಮೊದಲೇ ಹೋಗಿ ಕೂತರು. ವಿಮಾನ ಮೇಲೇರುವಾಗ ಹೆಂಡತಿ ಚೋಟಿಗೆ ಗುಟುಕು ಗುಟುಕಾಗಿ ಹಾಲು ಕುಡಿಸಿದಳು. ಕಿವಿ ನೋಯಲಿಲ್ಲ. ಬೆಲ್ಟು ಕಟ್ಟಿಕೊಂಡ ಚೋಟಿ ಕಿಟಕಿಯಾಚೆ ನೋಡಿ, "ಅಪ್ಪಾ, ಹತ್ತಿ!" ಎಂದು ಮೋಡ ತೋರಿಸಿದಳು. ಎಲ್ಲ ಎಷ್ಟು ಸುಲಭವಾಗಿತ್ತು ಎಂಬುದೇ ಟೇಪಣ್ಣನ ಎದೆ ಚುಚ್ಚಿತು.

ಅಕ್ಕ ಕಿಟಕಿಯ ಹತ್ತಿರದ ಕುರ್ಚಿಯಲ್ಲೇ ಕೂತಿದ್ದಳು. ಬೆಳಕು ಅವಳ ಮುಖದ ತುಂಬ ಬಿದ್ದಿತ್ತು. ಅವಳಿಗೆ ಅದು ಗೊತ್ತಿರಲಿಲ್ಲ.

ಟೇಪಣ್ಣ ಮಗುವನ್ನು ಅವಳ ತೊಡೆಯ ಮೇಲೆ ಕೂರಿಸಿದ. ಅಕ್ಕನ ಕೈಗಳು ಚೋಟಿಯ ತಲೆ, ಕಿವಿ, ಗಲ್ಲ ಮುಟ್ಟಿ ಇಳಿದವು. ಭುಜದಿಂದ ಭುಜಕ್ಕೆ ಗೇಣು ಹಾಕಿದಳು. ಎದೆಯ ಸುತ್ತ ಹಾಕಿದಳು.

"ಇಪ್ಪತ್ತೊಂದು ಇಂಚು," ಎಂದಳು. "ಇದು ಒಂದೂವರೆ ವರ್ಷದ ಕೂಸೇನೋ ತಮ್ಮಯ್ಯ?"

"ಅಕ್ಕಾ, ತಪ್ಪಾಯ್ತು."

"ಅಳಬೇಡ, ಮಗು ಹೆದರುತ್ತೆ. ಫ್ರಾಕು ಕೊಡು."

ಫ್ರಾಕು ಬಿಗಿಯಾಯಿತು. ಬೆನ್ನಿನ ಗುಂಡಿ ಕಾಜಾದವರೆಗೆ ಎಟುಕಲಿಲ್ಲ. "ಕೊಡಿ ಅತ್ತಿಗೆ, ನಾನು ಬಿಚ್ಚಿ ಸರಿ ಮಾಡ್ತೀನಿ," ಎಂದು ಹೆಂಡತಿ ಕೈ ಚಾಚಿದಳು.

"ಬೇಡಮ್ಮಾ. ಎರಡೂ ಬದಿಗೆ ಒಂದೊಂದು ಇಂಚು ಬಟ್ಟೆ ಒಳಗೆ ಮಡಿಸಿ ಬಿಟ್ಟಿದ್ದೀನಿ. ಲೋ, ಕತ್ತರಿ ಕೊಡು."

"ತಂದಿಲ್ಲ ಅಕ್ಕಾ. ವಿಮಾನದಲ್ಲಿ ಕೈಚೀಲದಲ್ಲಿ ಕತ್ತರಿ ಬಿಡಲ್ಲ."

"ಅಬ್ಬಾ, ಒಂದು ನಿಯಮನಾದ್ರೂ ಕಲಿತೆಯಲ್ಲ," ಎಂದು ನಕ್ಕಳು ಅಕ್ಕ. ಸೆರಗಿನ ಸೂಜಿಯಿಂದ ಒಂದೊಂದೇ ಹೊಲಿಗೆ ಎತ್ತಿ ಬಿಚ್ಚತೊಡಗಿದಳು.

ಕಣ್ಣಿಲ್ಲದೆ ಹೊಲಿಗೆ ಬಿಚ್ಚಿ ಮತ್ತೆ ಹಾಕಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ನಿಮಗೊಂದು ಮಾತು. ನಿಮ್ಮ ಮನೆಯಲ್ಲೂ ಒಂದು ಪುಟ್ಟ ಮಗು ಇರಬಹುದು. ದೂರದಲ್ಲಿ ಅದಕ್ಕಾಗಿ ಯಾರೋ ಕಾದಿರಬಹುದು. ಟಿಕೆಟ್ ಮಾಡಿಸುವ ಮೊದಲೇ ಮಗುವಿನ ಜನನ ಪತ್ರ ಹೊರತೆಗೆಯಿರಿ. ಹೋಗುವ ದಿನವೂ ಬರುವ ದಿನವೂ ಅದಕ್ಕೆ ಎಷ್ಟು ವಯಸ್ಸಾಗಿರುತ್ತದೆ ಎಂದು ನೋಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಒಂದೊಂದು ಕಂಪನಿಯ ನಿಯಮ ಒಂದೊಂದು ತರಹ ಇರಬಹುದು, ಕೇಳಿ ತಿಳಿದುಕೊಳ್ಳಿ. ಮಗು ಹಸುಗೂಸಾಗಿದ್ದರೆ, ಇಲ್ಲವೇ ಮೈಗೆ ಹುಷಾರಿಲ್ಲದಿದ್ದರೆ ಡಾಕ್ಟರನ್ನು ಕೇಳದೆ ಹೊರಡಬೇಡಿ. ಬೇಗ ಹೋಗಿ ಕೂತಿರಿ. ತಪ್ಪಿದ ವಿಮಾನದ ಬದಲು ಇನ್ನೊಂದು ವಿಮಾನ ಬರುತ್ತದೆ. ಆದರೆ ಕಿಟಕಿಯ ಹತ್ತಿರ ಕಾದು ಕೂತವರ ಬೆಳಕು ಅಲ್ಲಿಯವರೆಗೆ ಇರುತ್ತದೆಂದು ಯಾರೂ ಹೇಳಲಾರರು.

ಅಕ್ಕ ಕೊನೆಯ ಹೊಲಿಗೆ ಹಾಕಿ ದಾರವನ್ನು ಹಲ್ಲಿನಿಂದ ಕಡಿದಳು. ಫ್ರಾಕನ್ನು ಚೋಟಿಯ ತಲೆಯ ಮೇಲಿಂದ ಇಳಿಸಿದಳು.

"ಹಳದಿ ಇವಳಿಗೆ ಒಪ್ಪುತ್ತಾ?"

"ಒಪ್ಪುತ್ತೆ ಅಕ್ಕಾ. ತುಂಬಾ ಒಪ್ಪುತ್ತೆ."

"ನಿನ್ನ ಟೇಪಿನಾಣೆ?"

"ಇಲ್ಲಕ್ಕಾ. ನಿನ್ನಾಣೆ."

ಅಕ್ಕ ಬೆರಳಿನಿಂದ ಕಾಜಾ ಹುಡುಕಿದಳು. ಒಂದು ಗುಂಡಿ ಹಾಕಿದಳು. ಎರಡನೆಯದು ಹಾಕಿದಳು. ಚೋಟಿ ಅಲುಗಾಡದೆ ಕೂತಿದ್ದಳು. ಮೂರನೆಯದೂ ಸರಿಯಾಗಿ ಕೂತಿತು.